ಅವ್ವನ ಆಪರೇಷನ್ ಭಯ

ಪ್ರಶ್ನೆ: ಅಕ್ಕಾರೆ, ನಾವು ಡೊಂಬಿವಲಿಯಾಗ ಇರೋದು, ಊರು ವಿಜಯಪುರ ಕಡೆ. ನಮ್ಮವ್ವಗ ಪಿತ್ತಕೋಶದಾಗ ಕಲ್ಲು ಆಗ್ಯಾವ, ಮುಂದಿನ ವಾರ ದುರ್ಬೀನ್ ಆಪರೇಷನ್. ಡಾಕ್ಟರು ಮರಾಠಿಯಾಗ ಗಡಿಬಿಡಿಲೇ ಹೇಳಿ ಹೋದ್ರು, ಅವ್ವಗ ಏನೂ ತಿಳೀಲಿಲ್ಲ. "ಮತ್ತ ಎಚ್ಚರಾನೇ ಆಗ್ಲಿಲ್ಲಂದ್ರ?" ಅಂತ ರಾತ್ರಿ ನಿದ್ದಿ ಮಾಡ್ವಲ್ಲಳು. ಏನ್ ಹೇಳಿ ಧೈರ್ಯ ಕೊಡ್ಲಿ?

ಉತ್ತರ: "ಏನೂ ಆಗಲ್ಲ, ಸುಮ್ನಿರವ್ವ" ಅಂತ ಮಾತ್ರ ಹೇಳ್ಬೇಡಿ ತಮ್ಮಾ, ಅದನ್ನ ಬಿಲ್ಡಿಂಗ್ ಮಂದಿಯೆಲ್ಲ ಆಗ್ಲೇ ಹೇಳಿರ್ತಾರೆ. ಏನೇನು ಮಾಡ್ತಾರೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳಿ. ಹೊಟ್ಟೆ ಮೇಲೆ ಮೂರ್ನಾಲ್ಕು ಸಣ್ಣ ತೂತು ಹಾಕಿ, ಒಳಗೆ ಜಾಗ ಆಗ್ಲಿ ಅಂತ ಕಾರ್ಬನ್ ಡೈಆಕ್ಸೈಡ್ ತುಂಬಿ, ಕ್ಯಾಮೆರಾದಲ್ಲಿ ನೋಡ್ಕೊಂಡು ಕಲ್ಲಿನ ಜೊತೆ ಪಿತ್ತದ ಚೀಲಾನೇ ತೆಗೀತಾರೆ. ಒಮ್ಮೊಮ್ಮೆ ಕಷ್ಟ ಅನಿಸಿದ್ರೆ ದೊಡ್ಡದಾಗಿ ಕೊಯ್ಯಬೇಕಾಗುತ್ತೆ, ಅದನ್ನೂ ಮುಚ್ಚಿಡ್ಬೇಡಿ. ಚೀಲಾನೇ ಹೋದ್ರೆ ಉಂಡಿದ್ದು ಹೆಂಗ ಅರಗುತ್ತೆ ಅಂತ ಕೇಳೇ ಕೇಳ್ತಾರೆ, ಪಿತ್ತ ಹುಟ್ಟೋದು ಲಿವರ್‌ನಲ್ಲಿ, ಚೀಲ ಬರೀ ಕೂಡಿಡೋ ಜಾಗ ಅನ್ನಿ. ಇನ್ನೊಂದು, ಎದ್ದ ಮೇಲೆ ಆ ಗ್ಯಾಸಿಂದ ಭುಜ ನೋಯಬಹುದು, ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಇಳಿಯುತ್ತೆ, ಮೊದಲೇ ಗೊತ್ತಿಲ್ದಿದ್ರೆ ಕೊಯ್ದಿದ್ದು ಹೊಟ್ಟೆ, ನೋವು ಭುಜದಲ್ಲಿ ಯಾಕೆ ಅಂತ ಮನೆಯವರೆಲ್ಲ ಕಂಗಾಲು. ಉಸಿರು ಕಟ್ಟೋದು, ಎದೆನೋವು ಇದ್ರೆ ಮಾತ್ರ ಕೂಡ್ಲೇ ನರ್ಸ್‌ಗೆ ಹೇಳಿ.

ಎಚ್ಚರಾನೇ ಆಗಲ್ವೇನೋ ಅನ್ನೋ ಭಯಕ್ಕೆ ಉತ್ತರ ಕೊಡಬೇಕಾದವರು ಅರಿವಳಿಕೆ ಡಾಕ್ಟರು, ಆಪರೇಷನ್‌ಗೆ ಮುಂಚೆ ಅವರು ನೋಡೋಕೆ ಬಂದಾಗ ಅವ್ವಾನೇ ಕೇಳ್ಲಿ, ನೀವು ನಡುವೆ ಬಾಯಿ ಹಾಕದೆ ಬರೀ ಭಾಷೆ ದಾಟಿಸಿ. ಬಿಪಿ, ಶುಗರ್, ರಕ್ತ ತೆಳು ಮಾಡೋ ಮಾತ್ರೆ, ಅಲ್ಲಾಡೋ ಹಲ್ಲು ಎಲ್ಲಾ ಅಲ್ಲೇ ಹೇಳ್ಬೇಕು. ಆಪರೇಷನ್ ಮುಗಿಯೋವರೆಗೂ ಅವರು ಪಕ್ಕದಲ್ಲೇ ಇದ್ದು ಉಸಿರು, ನಾಡಿ ನೋಡ್ತಿರ್ತಾರೆ, ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕೋದ್ರಿಂದಲೇ ನೇಲ್ ಪಾಲಿಶ್ ತೆಗಿ ಅನ್ನೋದು. ಒಳಗೆ ಹೋಗೋವಾಗ ಹೆಸರು ಮತ್ತೆ ಮತ್ತೆ ಕೇಳ್ತಾರೆ, ಇವರಿಗೆ ನಾನ್ಯಾರಂತ ಗೊತ್ತಿಲ್ಲೇನು ಅಂತ ಅವ್ವ ಹೆದರಬಾರದು, ಯಾರಿಗೆ ಏನು ಆಪರೇಷನ್ ಅಂತ ತಾಳೆ ನೋಡೋ ಪದ್ಧತಿ ಅದು.

ಆಪರೇಷನ್‌ಗೆ ಒಪ್ಪಿಗೆ ಕೊಡೋ ಫಾರ್ಮ್ ಮೇಲೆ ಸಹಿ ಅವ್ವಂದೇ ಆಗ್ಬೇಕು, ನಿಮ್ಮದಲ್ಲ. ಎಚ್ಚರವಿರೋ ವಯಸ್ಕ ರೋಗಿಯ ಬದಲು ಮನೆಯವರು ಒಪ್ಪಿದ್ರೆ ಸಾಲದು, ಲಾಭ, ಅಪಾಯ, ಬೇರೆ ದಾರಿ ಎಲ್ಲಾ ಮೊದಲೇ ತಿಳಿಸಿರಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ತಿಳಿದಿಲ್ಲ ಅಂದ್ರೆ ಇನ್ನೊಂದ್ಸಲ ಹೇಳಿ ಡಾಕ್ಟರ್ ಅನ್ನೋಕೆ ಸಂಕೋಚ ಬೇಡ.

ಆವತ್ತು ಬೆಳಿಗ್ಗೆ ಪಾಪ ಅಂತ ಕದ್ದು ಚಹಾ ಮಾತ್ರ ಕೊಡ್ಬೇಡಿ, ಹಾಲು ಹಾಕಿದ ಚಹಾನೂ ಊಟದ ಲೆಕ್ಕಾನೇ, ಆರು ಗಂಟೆ ಮುಂಚೆ ನಿಲ್ಲಿಸ್ಬೇಕು, ಕುಡಿದದ್ದು ಗೊತ್ತಾದ್ರೆ ಆಪರೇಷನ್ನೇ ಮುಂದಕ್ಕೆ ಹಾಕ್ತಾರೆ.