‘ನಾನು ಅಲ್ಲೇ ನಿಂತು ತೆಗೆದದ್ದು, ಸರ್’

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೊದಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಕಣ್ಣುಮುಚ್ಚಿ ನಂಬುತ್ತಿದ್ದ ನಿಮ್ಮ ತಂದೆ ಈಗ ಏನು ತೋರಿಸಿದರೂ ‘ಎಐ ಇರಬೇಕು ಬಿಡು’ ಎಂದು ಮೊಬೈಲನ್ನು ಪಕ್ಕಕ್ಕಿಡುತ್ತಾರೆ. ಹಾಗಾದರೆ ನಕಲಿ ವಿಡಿಯೊಗಳ ಕಾಟದಿಂದ ಜನ ಜಾಣರಾಗುತ್ತಿದ್ದಾರೆಯೇ, ಇದು ಒಳ್ಳೆಯ ಬದಲಾವಣೆಯಲ್ಲವೇ ಎಂದು ಕೇಳಿದ್ದೀರಿ. ಅಲ್ಲ ಎನ್ನುತ್ತೇನೆ. ನಿಮ್ಮ ತಂದೆ ದಣಿದಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಅಂಥ ದಣಿವಿನಿಂದ ಯಾರಿಗೆ ಲಾಭವಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಉತ್ತರ ಉದ್ದವಾಗಿದೆ.

ನಾನು 22 ವರ್ಷಗಳಿಂದ ತಾಲ್ಲೂಕು ವರದಿಗಾರ. ಎರಡು ವರ್ಷದ ಹಿಂದೆ, ಮಾಗಿಯ ಒಂದು ರಾತ್ರಿ, ಹೊಳೆದಂಡೆಯ ಹಳ್ಳಿಯೊಂದರ ಯುವಕ ನನಗೆ 40 ಸೆಕೆಂಡಿನ ವಿಡಿಯೊ ಕಳುಹಿಸಿದ. ಹೊಳೆಯ ಒಡಲಿಗೇ ಇಳಿದ ಜೆಸಿಬಿ, ಸಾಲಾಗಿ ನಿಂತ ಟಿಪ್ಪರ್‌ಗಳು, ಹೆಡ್‌ಲೈಟ್ ಬೆಳಕಿನಲ್ಲಿ ಏಳುತ್ತಿದ್ದ ಮರಳಿನ ದೂಳು. ಮರಳು ಬಗೆದ ಮೇಲೆ ಅವನ ತಾಯಿಯ ತೋಟದ ಬಾವಿ ಬತ್ತಿತ್ತು. ಹೊಂಗೆ ಮರದ ಮರೆಯಲ್ಲಿ ನಿಂತು, ಉಸಿರು ಬಿಗಿಹಿಡಿದು ಅವನು ಅದನ್ನು ತೆಗೆದಿದ್ದ. ನಾನು ಪ್ರಕಟಿಸಿದೆ. ಒಂದು ಗಂಟೆಯೊಳಗೆ ಪ್ರತಿಕ್ರಿಯೆಗಳು ಬಂದವು: ‘ಎಐ’, ‘ಎಐ’, ‘ನೆರಳು ನೋಡಿ, ಇದು ಎಐ’. ಮರುದಿನ ಸಂಬಂಧಪಟ್ಟ ಕಚೇರಿಗೆ ಹೋದರೆ, ಇಂಥ ವಿಡಿಯೊಗಳನ್ನು ಈಗ ಯಾರು ಬೇಕಾದರೂ ಮಾಡಬಹುದು, ಇದರ ಮೇಲೆ ಕ್ರಮ ಕೈಗೊಳ್ಳಲು ಆಗುವುದಿಲ್ಲ ಎಂದರು. ಯಾರೂ ಅದನ್ನು ಪರೀಕ್ಷಿಸಿರಲಿಲ್ಲ. ಪರೀಕ್ಷಿಸುವ ಅಗತ್ಯವೂ ಅವರಿಗೆ ಕಂಡಿರಲಿಲ್ಲ. ಆ ಯುವಕ ಫೋನ್ ಮಾಡಿ ಒಂದೇ ಮಾತು ಹೇಳಿದ: ‘ನಾನು ಅಲ್ಲೇ ನಿಂತು ತೆಗೆದದ್ದು, ಸರ್.’

ಅದನ್ನು ಕೇಳಿ ನನಗೆ ತುಂಬಾ ನೋವಾಯಿತು. ಅದಕ್ಕೆ ಹಿಂದಿನ ತಿಂಗಳಷ್ಟೇ ಊರಿನ ಪ್ರೌಢಶಾಲೆಯಲ್ಲಿ ನಿಂತು, ‘ಮಕ್ಕಳೇ, ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ನಂಬಬೇಡಿ’ ಎಂದು ಭಾಷಣ ಮಾಡಿ ಬಂದಿದ್ದೆ. ಕಚೇರಿಯಲ್ಲಿ ಕುಳಿತವರು ನನ್ನ ಆ ಮಾತನ್ನೇ ಬಳಸಿ ಒಬ್ಬ ಹುಡುಗನ ಸಾಕ್ಷ್ಯವನ್ನು ಕಸದ ಬುಟ್ಟಿಗೆ ಹಾಕಿದ್ದರು.

ಕುರುಡು ನಂಬಿಕೆ ನಿರುಪದ್ರವಿ ಎಂದು ನಾನು ಹೇಳುತ್ತಿಲ್ಲ. ನಮ್ಮ ರಾಜ್ಯ ಅದಕ್ಕೆ ರಕ್ತದ ಬೆಲೆ ತೆತ್ತಿದೆ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್‌ಗಳಿಗೂ, ಎಲ್ಲೋ ಎಂದೋ ತೆಗೆದ ಚಿತ್ರಗಳಿಗೂ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಕೊಂದರು. ಆಗ ದೇಶದ ತುಂಬ ಹರಿದಾಡಿದ ‘ಮಕ್ಕಳ ಕಳ್ಳರ’ ವಿಡಿಯೊ ಮೂಲತಃ ಕರಾಚಿಯ ಒಂದು ಜಾಗೃತಿ ಚಿತ್ರ. ಅದರ ಕೊನೆಯ ಭಾಗವನ್ನು ಕತ್ತರಿಸಿ ಬಿಟ್ಟಿದ್ದರು, ಅಷ್ಟೇ. ಅದಕ್ಕೆ ಎಐ ಬೇಕಾಗಿರಲಿಲ್ಲ, ಒಂದು ಕತ್ತರಿ ಸಾಕಾಗಿತ್ತು.

ಈಗಿನ ಅಪಾಯದ ಮುಖ ಬೇರೆ. ಅದನ್ನು ತೋರಿಸಲು ನಾನು ಸದಾ ಹೇಳುವ ಪ್ರಸಂಗ ಮಧ್ಯ ಆಫ್ರಿಕದ ಗಬಾನ್ ದೇಶದ್ದು. 2018ರ ಅಕ್ಟೋಬರ್‌ನಲ್ಲಿ ಅಲ್ಲಿನ ಅಧ್ಯಕ್ಷ ಅಲಿ ಬೊಂಗೊ ಸೌದಿ ಅರೇಬಿಯದ ರಿಯಾದ್‌ಗೆ ಹೋಗಿದ್ದಾಗ ಕುಸಿದುಬಿದ್ದರು. ಸರ್ಕಾರ ಮೊದಲು ಹೇಳಿದ್ದು ಬರೀ ಆಯಾಸವೆಂದು. ಪಾರ್ಶ್ವವಾಯು ಎಂಬ ಮಾತು ಹೊರಬರಲು ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅಧ್ಯಕ್ಷರು ಸತ್ತೇಹೋಗಿದ್ದಾರೆ ಎಂಬ ಗುಸುಗುಸು ಊರೂರಿಗೆ ಹಬ್ಬಿತ್ತು. ಅದನ್ನು ಅಡಗಿಸಲೆಂದು, ಮೊರಾಕೊದಲ್ಲಿ ಚೇತರಿಸಿಕೊಳ್ಳುತ್ತಿದ್ದ ಬೊಂಗೊ ಅವರ ಎರಡು ನಿಮಿಷದ ಹೊಸ ವರ್ಷದ ಸಂದೇಶವನ್ನು ಸರ್ಕಾರ ಪ್ರಸಾರ ಮಾಡಿತು. ಮುಖ ಬಿಗಿದಿತ್ತು, ಬಲಗೈ ಅಲುಗಲಿಲ್ಲ, ಕಣ್ಣೆವೆ ಮಿಟುಕಿಸಿದ್ದೇ ಅಪರೂಪ. ಜನರ ಸಂದೇಹ ಅಡಗುವ ಬದಲು ಇನ್ನಷ್ಟು ಬಲಿಯಿತು. ಇದು ಡೀಪ್‌ಫೇಕ್, ಅಂದರೆ ಎಐ ಬಳಸಿ ಸೃಷ್ಟಿಸಿದ ನಕಲಿ ವಿಡಿಯೊ ಎಂದು ವಿರೋಧ ಪಕ್ಷದ ನಾಯಕರೊಬ್ಬರು ಬಹಿರಂಗವಾಗಿಯೇ ಹೇಳಿದರು. 2019ರ ಜನವರಿ 7ರ ನಸುಕಿನಲ್ಲಿ ಕೆಲವು ಸೈನಿಕರು ರಾಜಧಾನಿ ಲಿಬ್ರವಿಲ್‌ನ ರಾಷ್ಟ್ರೀಯ ರೇಡಿಯೊ ಕೇಂದ್ರಕ್ಕೆ ನುಗ್ಗಿ, ಆ ಭಾಷಣವೇ ಅಧ್ಯಕ್ಷರ ಸಾಮರ್ಥ್ಯದ ಬಗೆಗಿನ ಸಂದೇಹವನ್ನು ಹೆಚ್ಚಿಸಿದೆ ಎಂದು ಘೋಷಿಸಿ ದಂಗೆ ಎದ್ದರು. ಕೆಲವೇ ಗಂಟೆಗಳಲ್ಲಿ ದಂಗೆ ಮುರಿದುಬಿತ್ತು, ಜೀವಗಳೂ ಹೋದವು. ಮುಂದೆ ತಜ್ಞರು ಆ ವಿಡಿಯೊವನ್ನು ಪರೀಕ್ಷಿಸಿದಾಗ ಅದು ನಕಲಿ ಎನ್ನಲು ಯಾವ ಕುರುಹೂ ಸಿಗಲಿಲ್ಲ. ಪಾರ್ಶ್ವವಾಯು ತಗಲಿದ ಮನುಷ್ಯನೊಬ್ಬ ಕಷ್ಟಪಟ್ಟು ಮಾತನಾಡಿದ್ದ.

ನೋಡಿ, ಅಲ್ಲಿ ನಕಲಿ ವಿಡಿಯೊ ಇರಲೇ ಇಲ್ಲ. ನಕಲಿ ಇರಬಹುದು ಎಂಬ ತಿಳಿವಳಿಕೆಯೊಂದೇ ಸಾಕಾಯಿತು. ಅದಕ್ಕೆ ನೆಲ ಹದಮಾಡಿಕೊಟ್ಟದ್ದು ವಾರಗಟ್ಟಲೆ ಕಾಯಿಲೆಯನ್ನು ಮುಚ್ಚಿಟ್ಟ ಸರ್ಕಾರ.

ಇದನ್ನು 2022ರ ಮಾರ್ಚ್ 16ರ ಉಕ್ರೇನ್ ಪ್ರಸಂಗದ ಪಕ್ಕದಲ್ಲಿಟ್ಟು ನೋಡಿ. ಅಧ್ಯಕ್ಷ ಝೆಲೆನ್‌ಸ್ಕಿ ಆಯುಧ ಕೆಳಗಿಡಿ ಎಂದು ಸೈನಿಕರಿಗೆ ಹೇಳುವ ನಕಲಿ ವಿಡಿಯೊ ಹೊರಬಂತು; ಟಿವಿ ವಾಹಿನಿಯೊಂದನ್ನು ಹ್ಯಾಕ್ ಮಾಡಿ ಪರದೆಯ ಮೇಲೆ ಅದೇ ಮಾತನ್ನು ಓಡಿಸಿದರು. ಇಂಥದ್ದು ಬರಲಿದೆ ಎಂದು ಸರ್ಕಾರ ಮೊದಲೇ ಎಚ್ಚರಿಸಿತ್ತು. ಝೆಲೆನ್‌ಸ್ಕಿ ತಡಮಾಡದೆ ಮತ್ತೊಂದು ವಿಡಿಯೊದಲ್ಲಿ ಕಾಣಿಸಿಕೊಂಡು ಅದನ್ನು ಅಲ್ಲಗಳೆದರು. ದಿನವೂ ನೋಡುತ್ತಿದ್ದ ಮುಖ, ದಿನವೂ ಕೇಳುತ್ತಿದ್ದ ದನಿ. ನಕಲಿಯನ್ನು ಹೆಚ್ಚು ಜನ ನಂಬಲಿಲ್ಲ. ಒಂದು ದೇಶದಲ್ಲಿ ನಿಜವಾದ ವಿಡಿಯೊ ಸೋತಿತು, ಇನ್ನೊಂದರಲ್ಲಿ ನಕಲಿ ವಿಡಿಯೊ ಸೋತಿತು. ಎರಡೂ ಕಡೆ ತೀರ್ಮಾನವಾದದ್ದು ವಿಡಿಯೊ ಬರುವುದಕ್ಕೂ ಮೊದಲು, ಮಾತು ಉಳಿಸಿಕೊಂಡವರು ಯಾರು ಎಂಬುದರ ಮೇಲೆ.

ಬ್ರಿಟನ್ನಿನ ಇಬ್ಬರು ಸಂಶೋಧಕರು, ಕ್ರಿಸ್ಟಿಯನ್ ವಕ್ಕಾರಿ ಮತ್ತು ಆ್ಯಂಡ್ರ್ಯೂ ಚಾಡ್ವಿಕ್, ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಜಾಗೃತಿಗಾಗಿ 2018ರಲ್ಲಿ ತಯಾರಿಸಿದ್ದ ಒಬಾಮಾ ಅವರ ನಕಲಿ ವಿಡಿಯೊವನ್ನು 2,005 ಜನರಿಗೆ ತೋರಿಸಿದರು. ಕೆಲವರಿಗೆ ಕತ್ತರಿಸಿದ ತುಣುಕು, ಕೆಲವರಿಗೆ ಗುಟ್ಟು ಬಿಚ್ಚಿಡುವ ಪೂರ್ತಿ ವಿಡಿಯೊ. 2020ರಲ್ಲಿ ಪ್ರಕಟವಾದ ಫಲಿತಾಂಶ ನನ್ನ ಅನುಭವಕ್ಕೆ ಕನ್ನಡಿ ಹಿಡಿದಂತಿದೆ. ತುಣುಕು ನೋಡಿದವರು ಹೆಚ್ಚಾಗಿ ಮೋಸಹೋಗಲಿಲ್ಲ, ಆದರೆ ಯಾವುದು ನಿಜವೋ ತಿಳಿಯದು ಎನ್ನುವವರ ಪ್ರಮಾಣ ಅವರಲ್ಲಿ ಹೆಚ್ಚಿತ್ತು. ಆ ಅನಿಶ್ಚಿತತೆ ಸಾಮಾಜಿಕ ಜಾಲತಾಣಗಳ ಸುದ್ದಿಯ ಮೇಲಿನ ನಂಬಿಕೆಯನ್ನೇ ಒಟ್ಟಾರೆ ಕುಗ್ಗಿಸಿತು. ನಿಮ್ಮ ತಂದೆ ಮೊಬೈಲನ್ನು ಪಕ್ಕಕ್ಕಿಡುವುದು ಇದೇ ಸ್ಥಿತಿಯಲ್ಲಿ.

ಇಲ್ಲಿ ಬೆಳೆ ಕೊಯ್ಯುವವನು ಸುಳ್ಳುಗಾರ. ಅಮೆರಿಕದ ಕಾನೂನು ಪ್ರಾಧ್ಯಾಪಕರಾದ ರಾಬರ್ಟ್ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಇದಕ್ಕೆ ‘ಸುಳ್ಳುಗಾರನ ಡಿವಿಡೆಂಡ್’, ಅಂದರೆ ಸುಳ್ಳುಗಾರನಿಗೆ ಸಿಗುವ ಲಾಭಾಂಶ, ಎಂಬ ಅರ್ಥದ ಹೆಸರಿಟ್ಟರು. ನಕಲಿಯ ಬಗ್ಗೆ ಜನರಿಗೆ ಎಷ್ಟು ಹೆಚ್ಚು ಗೊತ್ತೋ, ನಿಜವನ್ನು ನಕಲಿ ಎನ್ನುವುದು ಅಷ್ಟು ಸುಲಭ. 2024ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನ ವಿಮಾನ ನಿಲ್ದಾಣದಲ್ಲಿ ಕಮಲಾ ಹ್ಯಾರಿಸ್ ಅವರ ಸಭೆಗೆ ಸಾವಿರಾರು ಜನ ಬಂದಿದ್ದರು. ಆ ಚಿತ್ರ ಎಐ ಸೃಷ್ಟಿ, ಅಲ್ಲಿ ಯಾರೂ ಇರಲಿಲ್ಲ ಎಂದು ಡೊನಾಲ್ಡ್ ಟ್ರಂಪ್ ಬರೆದರು. ಹತ್ತಾರು ಸುದ್ದಿಸಂಸ್ಥೆಗಳ ಕ್ಯಾಮೆರಾಗಳು ಅಲ್ಲೇ ಇದ್ದದ್ದರಿಂದ ಆ ಮಾತು ಸುಳ್ಳೆಂದು ಬೇಗ ಸಾಬೀತಾಯಿತು. ಹೊಂಗೆ ಮರದ ಮರೆಯಲ್ಲಿ ನಿಂತ ಹುಡುಗನ ಬಳಿ ಇದ್ದದ್ದು ಒಂದೇ ಕ್ಯಾಮೆರಾ. ಬಡವನ ಕೈಗೆ ಬಹಳ ಕಾಲದ ಮೇಲೆ ಬಂದ ಒಂದು ಆಯುಧವೆಂದರೆ ಮೊಬೈಲ್ ಕ್ಯಾಮೆರಾ. ಲಂಚ ಕೇಳುವವರನ್ನು, ಲಾಠಿ ಬೀಸುವವರನ್ನು ಅದು ಹೆದರಿಸುತ್ತಿತ್ತು. ಆ ಆಯುಧ ಮೊಂಡಾಗುತ್ತಿದೆ ಎಂಬುದೇ ನನ್ನ ಅತಿ ದೊಡ್ಡ ಆತಂಕ. ಉಳ್ಳವರಿಗೆ ವಕೀಲರಿದ್ದಾರೆ, ತಜ್ಞರಿದ್ದಾರೆ.

ಮೋಸ ಮತ್ತು ಮಾನಹಾನಿಯ ವಿಷಯ ನಿಮಗೆ ಗೊತ್ತೇ ಇರುತ್ತದೆ. 2023ರ ನವೆಂಬರ್‌ನಲ್ಲಿ ಬೇರೊಬ್ಬ ಹೆಣ್ಣುಮಗಳ ವಿಡಿಯೊಗೆ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿದ್ದನ್ನು ದೇಶವೇ ನೋಡಿತು. ಹಣ ಹೂಡಿಕೆಯ ಆ್ಯಪ್‌ಗಳಿಗೆ ತಮ್ಮ ನಕಲಿ ವಿಡಿಯೊ ಬಳಸುತ್ತಿದ್ದಾರೆ ಎಂದು ಎನ್.ಆರ್. ನಾರಾಯಣ ಮೂರ್ತಿಯವರು ಅದೇ ಡಿಸೆಂಬರ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ನಟಿಯ ಪ್ರಕರಣದಲ್ಲಿ ದೆಹಲಿ ಪೊಲೀಸರು ಆರೋಪಿಯನ್ನು ಹುಡುಕಿ ಹಿಡಿದರು. ಹೆಸರಿಲ್ಲದ ಕಾಲೇಜು ಹುಡುಗಿಗೆ ಇದೇ ಗತಿ ಬಂದರೆ ಅಷ್ಟು ಕಾಳಜಿ ಸಿಗುವುದೇ ಎಂದು ಕೇಳಿದರೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ.

ನನ್ನ ವೃತ್ತಿಯವರ ತಪ್ಪನ್ನೂ ಹೇಳಲೇಬೇಕು. 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದ ದಿನಗಳಲ್ಲಿ, ಪಾಕ್ ಸೇನೆಯ ವಕ್ತಾರರು ತಮ್ಮ ಎರಡು ಯುದ್ಧವಿಮಾನಗಳು ಹೋದವೆಂದು ಒಪ್ಪಿಕೊಂಡಂತೆ ತೋರಿಸುವ ನಕಲಿ ವಿಡಿಯೊ ಹರಿದಾಡಿತು. ಹಳೆಯ ಪತ್ರಿಕಾಗೋಷ್ಠಿಯ ದೃಶ್ಯಕ್ಕೆ ಕೃತಕ ಮಾತು ಹೊಂದಿಸಿದ್ದರು. ಭಾರತದ ಕೆಲವು ಸುದ್ದಿಸಂಸ್ಥೆಗಳೂ ಅದನ್ನು ನಿಜವೆಂದೇ ಪ್ರಕಟಿಸಿದವು. ಕೇಳಲು ಹಿತವಾದದ್ದನ್ನು ನಾವು ಪರೀಕ್ಷಿಸುವುದಿಲ್ಲ. ಇಂಥ ಒಂದೊಂದು ಆತುರಕ್ಕೂ ನಾಳೆಯ ಹತ್ತು ನಿಜವಾದ ವರದಿಗಳು ಬೆಲೆ ತೆರುತ್ತವೆ. ನಿಮ್ಮ ತಂದೆಗೆ ಟಿವಿಯ ಮೇಲೆ ಸಿಟ್ಟಿದ್ದರೆ ಅದು ನ್ಯಾಯವಾದ ಸಿಟ್ಟು.

ಕಣ್ಣಿನಿಂದಲೇ ನಕಲಿಯನ್ನು ಹಿಡಿಯುವ ಸೂತ್ರಗಳನ್ನು ನಾನು ಕೊಡುವುದಿಲ್ಲ. 2018ರಲ್ಲಿ ಅಮೆರಿಕದ ಆಲ್ಬನಿಯ ಸಂಶೋಧಕರು ನಕಲಿ ಮುಖಗಳು ಎವೆ ಮಿಟುಕಿಸುವುದು ಕಡಿಮೆ ಎಂದು ಕಂಡುಕೊಂಡರು; ಹೆಚ್ಚು ದಿನ ಕಳೆಯುವ ಮೊದಲೇ ಎವೆ ಮಿಟುಕಿಸುವ ನಕಲಿಗಳು ಬಂದವು. ಎವೆ ಮಿಟುಕಿಸದ ಬೊಂಗೊ ನಿಜವಾದ ಬೊಂಗೊ ಆಗಿದ್ದರು. ಎಐ ವಿಡಿಯೊಗಳಿಗೆ ಕಡ್ಡಾಯ ಗುರುತು ಹಾಕಿಸಬೇಕೆಂದು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಕರಡು ನಿಯಮ ಹೊರಡಿಸಿತು. ಒಳ್ಳೆಯದೇ. ಆದರೆ ಕಳ್ಳ ತಾನಾಗಿ ಕೊರಳಿಗೆ ಗಂಟೆ ಕಟ್ಟಿಕೊಂಡು ಬರುವುದಿಲ್ಲ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವೆಲ್ಲ ಕೇಳಿಯೇ ಬೆಳೆದಿದ್ದೇವೆ. ನಮ್ಮ ತರ್ಕಶಾಸ್ತ್ರ ಪ್ರತ್ಯಕ್ಷವನ್ನೂ ಶಬ್ದವನ್ನೂ ಬೇರೆ ಬೇರೆ ಪ್ರಮಾಣಗಳೆಂದು, ಅಂದರೆ ನಿಜವನ್ನು ತಿಳಿಯುವ ಬೇರೆ ಬೇರೆ ದಾರಿಗಳೆಂದು ಎಣಿಸುತ್ತದೆ. ಪ್ರತ್ಯಕ್ಷವೆಂದರೆ ನನ್ನ ಕಣ್ಣು ಕಂಡದ್ದು. ಶಬ್ದವೆಂದರೆ ನಂಬಿಕೆಗೆ ಅರ್ಹನಾದ ಆಪ್ತನೊಬ್ಬ ಹೇಳಿದ್ದು. ವಿಡಿಯೊವನ್ನು ಇಷ್ಟು ವರ್ಷ ನಾವು ಪ್ರತ್ಯಕ್ಷದ ಸಾಲಿನಲ್ಲಿ ಕೂರಿಸಿದ್ದೆವು. ಅದು ಮೊದಲಿನಿಂದಲೂ ಶಬ್ದವೇ ಆಗಿತ್ತು, ಯಾರೋ ಒಬ್ಬರ ಹೇಳಿಕೆ. ಆದ್ದರಿಂದ ನಿಮ್ಮ ತಂದೆ ‘ಇದು ಎಐ’ ಎಂದಾಗ ವಾದಕ್ಕಿಳಿಯಬೇಡಿ. ‘ಇದನ್ನು ಯಾರು ತೆಗೆದರು ಅಪ್ಪಾ, ಎಲ್ಲಿ ನಿಂತು ತೆಗೆದರು, ಇನ್ಯಾರು ಕಂಡಿದ್ದಾರೆ?’ ಎಂದು ಅವರ ಜೊತೆ ಕುಳಿತು ಹುಡುಕಿ. ಹತ್ತರಲ್ಲಿ ಏಳಕ್ಕೆ ಉತ್ತರವೇ ಸಿಗದಿರಬಹುದು, ಅವನ್ನು ಬದಿಗಿಡಿ. ಉತ್ತರ ಸಿಕ್ಕ ಮೂರನ್ನು ಅವರು ನಂಬಲಿ. ನಾನು ಈಗ ಶಾಲೆಗಳಲ್ಲಿ ಹೇಳುವುದೂ ಇಷ್ಟನ್ನೇ. ‘ನಂಬಬೇಡಿ’ ಎಂಬ ಮಾತನ್ನು ಬಿಟ್ಟಿದ್ದೇನೆ.

ಮರಳಿನ ವಿಡಿಯೊಗೆ ಏನಾಯಿತೆಂದು ಹೇಳಿ ಮುಗಿಸುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊವಾಗಿಯೇ ಕಳುಹಿಸಿದರೆ ಅದು ಕುಗ್ಗುತ್ತದೆ, ತೆಗೆದ ಹೊತ್ತು, ಜಾಗದ ವಿವರಗಳೂ ಅಳಿಸಿಹೋಗುತ್ತವೆ. ಹಾಗಾಗಿ ಮೂಲ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹುಡುಗನಿಗೆ ಹೇಳಿದೆ. ವಕೀಲ ಗೆಳೆಯರೊಬ್ಬರು ಅದರ ‘ಹ್ಯಾಶ್’ ತೆಗೆಸಿದರು. ಅದು ಕಡತದ ಬೆರಳಚ್ಚು ಇದ್ದಂತೆ, ಒಂದು ಚುಕ್ಕೆ ಬದಲಾದರೂ ಹೊಂದುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಅದನ್ನು ನಮೂದಿಸಬೇಕು. ಆಮೇಲೆ ಹಗಲು ಹೊತ್ತಿನಲ್ಲಿ ಊರಿನ ಐವರನ್ನು ಕರೆದುಕೊಂಡು ಆ ಹೊಂಗೆ ಮರದ ಬುಡಕ್ಕೆ ಹೋದೆವು. ಅದೇ ಕೊಂಬೆ, ಅದೇ ವಿದ್ಯುತ್ ಕಂಬ, ಎದುರಿಗೆ ಎರಡಾಳು ಆಳದ ಗುಂಡಿ. ಪೊಲೀಸರು ಮಾಡುವ ಸ್ಥಳ ಮಹಜರಿನಂತೆಯೇ ಕಂಡದ್ದನ್ನು ಬರೆದೆವು. ಐವರಲ್ಲಿ ಒಬ್ಬರು ಮೀನು ಹಿಡಿಯುವ ಮುದುಕರು, ಹೆಬ್ಬೆಟ್ಟು ಒತ್ತಿದರು. ಆ ಹಾಳೆಯ ಚಿತ್ರವನ್ನು ವಿಡಿಯೊದ ಪಕ್ಕದಲ್ಲೇ ಪ್ರಕಟಿಸಿದ ಮೇಲೆ ಯಾರೂ ‘ಎಐ’ ಎಂದು ಬರೆಯಲಿಲ್ಲ.

ಟಿಪ್ಪರ್‌ಗಳು ಕೆಲವು ತಿಂಗಳು ಬರಲಿಲ್ಲ. ಈಚೆಗೆ ಮತ್ತೆ ಬಂದಿವೆ ಎಂದು ಹುಡುಗ ಹೊಸ ವಿಡಿಯೊ ಕಳುಹಿಸಿದ್ದಾನೆ. ಈ ಸಲ ಅವನು ಮೊದಲು ವಿದ್ಯುತ್ ಕಂಬದ ಸಂಖ್ಯೆಯನ್ನು ಹಿಡಿದು, ತನ್ನ ಹೆಸರು ಮತ್ತು ತಾರೀಖನ್ನು ಮೆಲುದನಿಯಲ್ಲಿ ಹೇಳಿ, ಆಮೇಲೆ ಕ್ಯಾಮೆರಾವನ್ನು ಹೊಳೆಯ ಕಡೆಗೆ ತಿರುಗಿಸಿದ್ದಾನೆ.