ಹಳೆಯ ಮನೆ ಕೊಳ್ಳುವ ಮುನ್ನ ದುರಸ್ತಿ ಖರ್ಚನ್ನು ಅಂದಾಜು ಮಾಡುವುದು ಹೇಗೆ?

ಮೈಸೂರಿನಲ್ಲಿ 1980ರ ದಶಕದ ಆರ್‌ಸಿಸಿ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್) ಮನೆಯೊಂದನ್ನು ನೋಡಿದ್ದೀರಿ, ದುರಸ್ತಿಗೆ ಎಷ್ಟು ತೆಗೆದಿಡಬೇಕು ಎಂದು ಕೇಳಿದ್ದೀರಿ. ಚದರಡಿಗೆ ಇಷ್ಟು ಎಂದು ಬಾಯಿಮಾತಿನಲ್ಲಿ ಹೇಳುವವರನ್ನು ದಯವಿಟ್ಟು ನಂಬಬೇಡಿ. ಆ ಲೆಕ್ಕ ಹೊಸ ಮನೆಗೆ ಸರಿ. ಹಳೆಯ ಮನೆಯ ಖರ್ಚು ಕಣ್ಣಿಗೆ ಬೀಳದ ಕಡೆ ಅಡಗಿರುತ್ತದೆ.

ಮೊದಲು ಚಾವಣಿ ನೋಡಿ. ಬಚ್ಚಲುಮನೆಯ ಮೇಲ್ಭಾಗವನ್ನೂ ಕಿಟಕಿಯ ಮೇಲಿನ ಸಜ್ಜದ ಅಡಿಭಾಗವನ್ನೂ ಕೋಲಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ, ಗಾರೆ ಉದುರಿ ಕಂಬಿ ಕಂಡರೆ, ಅದು ಬಣ್ಣ ಬಳಿದು ಮುಗಿಸುವ ಕೆಲಸವಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಮುಂಗಡ ಕೊಡುವ ಮೊದಲೇ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆದೊಯ್ಯಿರಿ, ಆಗುವುದಾದರೆ ಜೋರು ಮಳೆಯ ಮರುದಿನ. ಆ ಶುಲ್ಕದಲ್ಲಿ ಜಿಪುಣತನ ಬೇಡವೇ ಬೇಡ.

ಟ್ಯಾಂಕಿನಲ್ಲಿ ನೀರಿದ್ದೂ ನಲ್ಲಿಯಲ್ಲಿ ಸಣ್ಣಗೆ ಬಂದರೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ತುಕ್ಕು ಕಟ್ಟಿರುವ ಸಾಧ್ಯತೆ ಹೆಚ್ಚು. ಪೂರ್ತಿ ಬದಲಿಸಬೇಕೆಂದೇ ಲೆಕ್ಕ ಹಾಕಿ. ವೈರಿಂಗೂ ಅಷ್ಟೇ, ಎಸಿ, ಗೀಸರ್‌ಗಳ ಹೊರೆಗೆಂದು ಎಳೆದದ್ದಲ್ಲ. ಪೈಪು, ವೈರು ಬದಲಿಸಿದರೆ ಗೋಡೆ ಕೊರೆಯುವುದು, ಗಾರೆ, ಟೈಲ್ಸ್, ಬಣ್ಣ, ಒಡೆದ ಕಸದ ಸಾಗಣೆ ಎಲ್ಲವೂ ಬೆನ್ನಿಗೇ ಬರುತ್ತವೆ. ಜನ ಮರೆಯುವುದು ಇದನ್ನೇ. ಬಾಗಿಲಿನ ಚೌಕಟ್ಟಿನ ಬುಡದಲ್ಲಿ ಗೆದ್ದಲಿದೆಯೇ ಎಂದೂ ನೋಡಿ.

ಪ್ರತಿ ಕೆಲಸದ ಅಳತೆ ಬರೆದುಕೊಂಡು, ಸಾಮಗ್ರಿ ಮತ್ತು ಕೂಲಿಯನ್ನು ಬೇರೆಬೇರೆ ತೋರಿಸುವ ಅಂದಾಜುಪಟ್ಟಿಯನ್ನು ಮೂವರು ಗುತ್ತಿಗೆದಾರರಿಂದ ಪಡೆಯಿರಿ. ಬಂದ ಮೊತ್ತಕ್ಕೆ ನಾನಾದರೆ ಕಣ್ಣಿಗೆ ಬೀಳದ ಖರ್ಚಿಗೆಂದು ಶೇ. 20 ಸೇರಿಸುತ್ತೇನೆ. ಆ ಪಟ್ಟಿಯನ್ನು ಮಾಲೀಕರ ಮುಂದಿಟ್ಟುಕೊಂಡೇ ಬೆಲೆ ಮಾತನಾಡಿ.