ಮನೆಯಲ್ಲಿ ಕಾರು ತೊಳೆಯಲು ಎಂಥ ಪ್ರೆಶರ್ ವಾಷರ್ ಬೇಕು? ಬಕೆಟ್ ನೀರಿಗೆ ನಡೆಯುತ್ತದೆಯೇ?

100ರಿಂದ 130 ಬಾರ್ (ನೀರಿನ ಒತ್ತಡದ ಅಳತೆ) ಧಾರಾಳ ಸಾಕು. ಬಕೆಟ್ ಅಥವಾ ಡ್ರಮ್ಮಿನಿಂದ ನೀರೆಳೆಯಬೇಕಿದ್ದರೆ ಸೆಲ್ಫ್ ಪ್ರೈಮಿಂಗ್ (ನಲ್ಲಿಯ ಒತ್ತಡವಿಲ್ಲದೆ ತಾನೇ ನೀರು ಹೀರಿಕೊಳ್ಳುವ ಸೌಲಭ್ಯ) ಇರುವುದನ್ನೇ ಕೊಳ್ಳಿ. ಹೀರುವ ಪೈಪಿಗೆ ಮೊದಲೇ ನೀರು ತುಂಬಿಸಿ ಜೋಡಿಸಿ. ಒತ್ತಡ ಏರಿಳಿಯುತ್ತಿದ್ದರೆ ಪಂಪ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಬಹುತೇಕ ಸಲ ಪೈಪಿನ ಜೋಡಣೆಯಲ್ಲಿ ಗಾಳಿ ಸೇರಿರುತ್ತದೆ, ಇಲ್ಲವೇ ಒಳಬರುವ ಬಾಯಿಯ ಜಾಲರಿಯಲ್ಲಿ ಕಸ ಕಟ್ಟಿರುತ್ತದೆ. ಆದರೆ ನೀರಿಲ್ಲದೆ ಮೋಟರ್ ಓಡಿದರೆ, ಸೋರಿಕೆ ತಡೆಯುವ ಪಂಪಿನ ಸೀಲುಗಳು ನಿಜವಾಗಿಯೂ ಹಾಳಾಗುತ್ತವೆ.

ತೊಳೆಯುವಾಗ ನೀರನ್ನು ಅಗಲವಾಗಿ ಹರಡುವ 40 ಡಿಗ್ರಿ ನಾಜಲ್, ಕನಿಷ್ಠ 30 ಸೆಂ.ಮೀ. ದೂರ. ಒಂದೇ ಸಣ್ಣ ಧಾರೆ ಬಿಡುವ 0 ಡಿಗ್ರಿ ಮತ್ತು ಆ ಧಾರೆಯನ್ನು ಗರಗರ ತಿರುಗಿಸುವ ಟರ್ಬೊ ನಾಜಲ್ ಕಾರಿಗೆ ಬೇಡವೇ ಬೇಡ: ಕಲ್ಲು ಬಡಿದು ಬಿರುಕು ಬಿಟ್ಟ ಕಡೆ ನೀರು ನುಗ್ಗಿ ಬಣ್ಣ ಚಕ್ಕೆಯಾಗಿ ಏಳುತ್ತದೆ, ಟೈರಿನ ಪಕ್ಕೆಗೂ ಪೆಟ್ಟು. ಬಾನೆಟ್ ಒಳಗೆ ಹೊಡೆಯಲೇಬೇಡಿ. ಮುಗಿದ ಮೇಲೆ ಸ್ವಿಚ್ ಆರಿಸಿ, ಗನ್ ಒತ್ತಿ ಉಳಿದ ಒತ್ತಡ ಬಿಡಿ.